ನೂರು ಲೀಟರಿಗೆ ಅರವತ್ತು ಎಂಎಲ್ ಕಮ್ಮಿ

ನಾನು ಇಪ್ಪತ್ತೆರಡು ವರ್ಷ ನಮ್ಮೂರ ಡೇರಿಯಲ್ಲಿ ಸೆಕ್ರೆಟರಿಯಾಗಿದ್ದೆ. ಪಾಂಡವಪುರದ ಹತ್ತಿರದ ಊರು. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಪುಸ್ತಕಕ್ಕೆ ಏರಿಸುವುದು, ವಾರಕ್ಕೊಮ್ಮೆ ಬಟವಾಡೆ. ಓದಿದ್ದು ಪಿಯುಸಿ ಸೈನ್ಸ್, ಅದೂ ಎರಡನೇ ಸಲಕ್ಕೆ ಪಾಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬೇರೆ ಸೂರ್ಯನ ಸುತ್ತ ತಿರುಗುವ ಒಂದು ಗ್ರಹವನ್ನು ಮನೆಯಲ್ಲೇ ಕೂತು ಹುಡುಕಿದ ಕಥೆ ಇದು. ಹೊಸ ಗ್ರಹವೇನಲ್ಲ, ತಿಳಿದವರು ಆಗಲೇ ಕಂಡುಹಿಡಿದು ಹೆಸರಿಟ್ಟಾಗಿತ್ತು. ಆದರೂ ನಾನು ಹುಡುಕಿದ್ದು ನಾನು ಹುಡುಕಿದ್ದೇ.

ಅದಕ್ಕೂ ಮೊದಲು ಒಂದು ಹಸುವಿನ ವಿಷಯ ಹೇಳಬೇಕು.

ಸುಮಾರು ಹತ್ತು ವರ್ಷದ ಹಿಂದೆ ಒಬ್ಬರ ಮನೆಯಿಂದ ಜಗಳ ಬಂತು. ಅವರ ಎಚ್ಎಫ್ ಹಸು ದಿನಕ್ಕೆ ಹನ್ನೊಂದು ಲೀಟರ್ ಕೊಡುತ್ತಿತ್ತು. ಆಗೊಮ್ಮೆ ಈಗೊಮ್ಮೆ ಒಂದು ದಿನ ಮಾತ್ರ ಹತ್ತೂಕಾಲು, ಹತ್ತೂವರೆ. ಮರುದಿನ ಮತ್ತೆ ಹನ್ನೊಂದು. ಯಜಮಾನನಿಗೆ ನನ್ನ ಅಳತೆ ಮೇಲೆ ಅನುಮಾನ. ನನಗೆ ಅವರ ಮನೆಯವರ ಮೇಲೆ ಅನುಮಾನ, ಯಾರಿಗೋ ವರ್ತನೆ ಹಾಕುತ್ತಿರಬಹುದು ಅಂತ. ರಾತ್ರಿ ಪುಸ್ತಕ ತೆಗೆದು ಕೂತೆ. ಕಮ್ಮಿಯಾದ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಮಧ್ಯದ ದಿನ ಎಣಿಸಿದರೆ 21, 20, 22, 21. ಆಗ ಹೊಳೆಯಿತು. ಹಸು ಬೆದೆಗೆ ಬರುತ್ತಿದೆ! ಕೂಗುವುದಿಲ್ಲ, ಚಡಪಡಿಸುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿಲ್ಲ. ಆ ಒಂದು ದಿನ ಹಾಲು ಸ್ವಲ್ಪ ಇಳಿಯುತ್ತದೆ, ಅಷ್ಟೇ. ಮುಂದಿನ ಸಲ ಯಾವ ದಿನ ಅಂತ ಲೆಕ್ಕ ಹಾಕಿ ಹೇಳಿದೆ. ಅವತ್ತು ಡಾಕ್ಟರನ್ನು ಕರೆಸಿದರು, ಇಂಜೆಕ್ಷನ್ ಆಯಿತು, ಹಸು ಗಬ್ಬ ನಿಂತಿತು.

ನೆನಪಿಟ್ಟುಕೊಳ್ಳಿ. ನಾನು ಹಸುವನ್ನು ನೋಡಲೇ ಇಲ್ಲ. ಪುಸ್ತಕ ಮಾತ್ರ ನೋಡಿದೆ.

ಹೋದ ದೀಪಾವಳಿಗೆ ಅಕ್ಕನ ಮಗಳು ಬಂದಿದ್ದಳು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಗ್ರಾಫ್ ನೋಡುತ್ತಿದ್ದಳು. ಉದ್ದಕ್ಕೆ ಚುಕ್ಕೆ ಚುಕ್ಕೆ, ನಡುನಡುವೆ ಚೂರು ತಗ್ಗು.

"ಏನಮ್ಮ, ಯಾರ ಮನೆ ಹಾಲಿನ ಲೆಕ್ಕ ಇದು?" ಅಂದೆ.

"ಹಾಲಲ್ಲ ಮಾವ, ನಕ್ಷತ್ರ. ಇದು ಅದರ ಬೆಳಕಿನ ಲೆಕ್ಕ. ತಗ್ಗು ಇದೆಯಲ್ಲಾ, ಅಲ್ಲಿ ಒಂದು ಗ್ರಹ ಅಡ್ಡ ಬಂದಿದೆ."

ನಾನು ಪಕ್ಕದಲ್ಲಿ ಕೂತುಬಿಟ್ಟೆ.

ಅವಳು ಹೇಳಿದ್ದು ಇಷ್ಟು. ದೂರದ ನಕ್ಷತ್ರದ ಸುತ್ತ ಇರುವ ಗ್ರಹವನ್ನು ನೇರವಾಗಿ ನೋಡುವುದು ಬಹಳ ಕಷ್ಟ. ನಕ್ಷತ್ರದ ಬೆಳಕಿನಲ್ಲಿ ಅದು ಮುಳುಗಿಹೋಗಿರುತ್ತದೆ. ಆದರೆ ಗ್ರಹ ತಿರುಗುತ್ತಾ ತಿರುಗುತ್ತಾ ನಮಗೂ ನಕ್ಷತ್ರಕ್ಕೂ ನಡುವೆ ಬಂದರೆ ಬೆಳಕು ಒಂದು ಚೂರು ಕಮ್ಮಿಯಾಗುತ್ತದೆ. ಸರಿಯಾಗಿ ಒಂದು ಸುತ್ತಿಗೊಮ್ಮೆ. ಆ ಚೂರನ್ನು ಹಿಡಿಯಲು ನಾಸಾದವರು 2018ರ ಏಪ್ರಿಲ್‌ನಲ್ಲಿ ಟೆಸ್ ಅನ್ನುವ ಉಪಗ್ರಹ ಹಾರಿಸಿದರು. ಅದರಲ್ಲಿ ನಾಲ್ಕು ಕ್ಯಾಮೆರಾ. ಮೊದಲ ವರ್ಷ ದಕ್ಷಿಣದ ಆಕಾಶವನ್ನು 13 ಪಟ್ಟಿ ಮಾಡಿಕೊಂಡು ಒಂದೊಂದನ್ನೂ ಸುಮಾರು 27 ದಿನ ಬಿಡದೆ ನೋಡಿತು. ಅದಕ್ಕೂ ಮೊದಲು 2009ರಿಂದ 2018ರವರೆಗೆ ಕೆಪ್ಲರ್ ಅನ್ನುವ ಬಾಹ್ಯಾಕಾಶ ದೂರದರ್ಶಕ ಇದೇ ಕೆಲಸ ಮಾಡಿ 2,600ಕ್ಕೂ ಜಾಸ್ತಿ ಗ್ರಹ ಹಿಡಿದಿತ್ತು.

"ಈ ಲೆಕ್ಕ ಎಲ್ಲ ಯಾರ ಹತ್ತಿರ ಇರುತ್ತೆ?"

"ಯಾರು ಬೇಕಾದರೂ ತಗೋಬಹುದು ಮಾವ. ಫ್ರೀ. ಪಾಸ್‌ವರ್ಡ್ ಕೂಡ ಬೇಡ."

ಇದನ್ನು ನಂಬಲು ನನಗೆ ಎರಡು ದಿನ ಬೇಕಾಯಿತು. ನಮ್ಮ ಪಹಣಿ ತೆಗೆಸಲೂ ದುಡ್ಡು ಕಟ್ಟಬೇಕು, ಕ್ಯೂ ನಿಲ್ಲಬೇಕು. ಆಕಾಶದ ಪಹಣಿ ಪುಕ್ಕಟೆ!

ಅವಳು ನನಗೆ ಒಂದು ನಕ್ಷತ್ರ ಆರಿಸಿಕೊಟ್ಟಳು. ಹೆಸರು ಟಿಒಐ-700. ಹೆಸರಾ ಅದು, ಟ್ರ್ಯಾಕ್ಟರ್ ನಂಬರ್ ಇದ್ದ ಹಾಗಿದೆ. ಅದಕ್ಕೆ ಇನ್ನೊಂದು ನಂಬರೂ ಇದೆ, ಟಿಐಸಿ 150428135, ಹುಡುಕುವಾಗ ಅದನ್ನು ಹಾಕಬೇಕು. ಸುಮಾರು 100 ಜ್ಯೋತಿರ್ವರ್ಷ ದೂರ. ಅಂದರೆ ಇವತ್ತು ನಮಗೆ ತಲುಪುವ ಅದರ ಬೆಳಕು ಹೊರಟಾಗ ಕನ್ನಂಬಾಡಿ ಕಟ್ಟೆ ಇನ್ನೂ ಕಟ್ಟುತ್ತಿದ್ದರು. ಸೂರ್ಯನಿಗಿಂತ ಚಿಕ್ಕದು, ಮಂಕು, ಕೆಂಪು ಕುಬ್ಜ ಅನ್ನುವ ಜಾತಿಯದು. ಅದರ ಸುತ್ತ ಇರುವ ಗ್ರಹಗಳಲ್ಲಿ ಒಂದು, ನೀರು ನೀರಾಗಿಯೇ ಇರಬಹುದಾದ ಜಾಗದಲ್ಲಿದೆ ಅಂತ 2020ರ ಜನವರಿಯಲ್ಲಿ ಹೇಳಿದರಂತೆ.

"ಎಷ್ಟು ಗ್ರಹ, ಎಷ್ಟೆಷ್ಟು ದಿನಕ್ಕೆ ಸುತ್ತುತ್ತವೆ, ಏನೂ ಹೇಳಬೇಡ" ಅಂದೆ. "ಉತ್ತರ ನೋಡಿಕೊಂಡು ಲೆಕ್ಕ ಮಾಡೋದು ಲೆಕ್ಕವಲ್ಲ."

ಅವಳು ನಗುತ್ತಾ ಒಂದು ಚೀಟಿಯಲ್ಲಿ ಬರೆದು, ಮಡಚಿ, ಪಿನ್ ಹೊಡೆದು ದೇವರ ಮನೆಯಲ್ಲಿ ಮಾದಪ್ಪನ ಫೋಟೋ ಹಿಂದೆ ಇಟ್ಟಳು.

ಮನೆಯಲ್ಲಿ ಮಗ ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡುವ ಹಾಗಿರಲಿಲ್ಲ, ಫ್ಯಾನ್ ಶಬ್ದಕ್ಕೇ ಭಯವಾಗುತ್ತಿತ್ತು. ಅದಕ್ಕೆ ಅವಳು ಗೂಗಲ್ ಕೊಲ್ಯಾಬ್ ತೋರಿಸಿಕೊಟ್ಟಳು. ಕೆಲಸವೆಲ್ಲ ಎಲ್ಲೋ ಇರುವ ಬೇರೆ ಕಂಪ್ಯೂಟರ್ ಮಾಡುತ್ತದೆ, ನಾವು ಬ್ರೌಸರಿನಲ್ಲಿ ಬರೆದರೆ ಸಾಕು. ಪೈಥಾನ್ ಭಾಷೆ, ಅದರಲ್ಲಿ ಲೈಟ್‌ಕರ್ವ್ ಅನ್ನುವ ಒಂದು ಪ್ಯಾಕೇಜ್. ಐದಾರು ಸಾಲು. ಅದನ್ನು ಹಾಲಿನ ಹಳೇ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೆ. ಒಂದು ಬ್ರಾಕೆಟ್ ಬಿಟ್ಟರೂ ಕೆಂಪು ಅಕ್ಷರದಲ್ಲಿ ಬೈಯುತ್ತದೆ. ಮೊದಲ ವಾರ ಬೈಸಿಕೊಂಡಿದ್ದೇ ಕೆಲಸ. ಫೋನಿನ ಹಾಟ್‌ಸ್ಪಾಟ್ ಕೆಳಗೆ ಸಿಗದೆ ರಾತ್ರಿ ತಾರಸಿ ಮೇಲೆ ಕೂರುತ್ತಿದ್ದೆ, ಸೊಳ್ಳೆಬತ್ತಿ ಹಚ್ಚಿಕೊಂಡು.

ಕೊನೆಗೂ ಮೊದಲ 27 ದಿನದ ಲೆಕ್ಕ ಇಳಿಯಿತು. ಎರಡೆರಡು ನಿಮಿಷಕ್ಕೆ ಒಂದು ಚುಕ್ಕೆ, ಒಟ್ಟು ಇಪ್ಪತ್ತು ಸಾವಿರದ ಹತ್ತಿರ. ನಡುವೆ ಒಂದು ಖಾಲಿ ಜಾಗ, ಆಗ ಉಪಗ್ರಹ ಕೂಡಿಟ್ಟಿದ್ದನ್ನೆಲ್ಲ ಭೂಮಿಗೆ ಕಳಿಸುತ್ತಿರುತ್ತದೆ. ಗ್ರಾಫ್ ನೋಡಿದರೆ ದಪ್ಪ ಹಗ್ಗ ಎಳೆದಿಟ್ಟ ಹಾಗಿದೆ. ತಗ್ಗೂ ಇಲ್ಲ, ದಿಣ್ಣೆಯೂ ಇಲ್ಲ. ಎಡಗಡೆ ಸ್ವಲ್ಪ ಏರು, ಬಲಗಡೆ ಸ್ವಲ್ಪ ಇಳಿಜಾರು.

ಆ ಏರಿಳಿತ ತೆಗೆಯಲು ಫ್ಲ್ಯಾಟನ್ ಅನ್ನುವ ಒಂದು ಆಜ್ಞೆ ಇದೆ. ಇಸ್ತ್ರಿ ಪೆಟ್ಟಿಗೆ ಅಂದುಕೊಳ್ಳಿ. ಕೊಟ್ಟೆ. ಹಗ್ಗ ನೆಟ್ಟಗಾಯಿತು. ಬೇರೆ ಬೇರೆ ತಿಂಗಳಿನದನ್ನೂ ಇಳಿಸಿಕೊಂಡೆ. ಆ 13 ಪಟ್ಟಿಗಳಲ್ಲಿ ನಮ್ಮ ನಕ್ಷತ್ರ 11ರಲ್ಲಿ ಸಿಕ್ಕಿತ್ತು. ಎಲ್ಲದಕ್ಕೂ ಇಸ್ತ್ರಿ ಹಾಕಿದೆ. ಹುಡುಕಿದೆ. ಏನೂ ಇಲ್ಲ. ಎರಡು ವಾರ ಇದೇ ಪಾಡು. ಚುಕ್ಕೆಗಳನ್ನು ದೊಡ್ಡದು ಮಾಡಿ ನೋಡಿದೆ, ಕನ್ನಡಕ ಬದಲಿಸಿ ನೋಡಿದೆ. "ನಿದ್ದೆಗೆಟ್ಟು ಏನ್ರೀ ಅದು" ಅಂತ ಮನೆಯವಳ ಗೊಣಗಾಟ ಬೇರೆ.

ಆ ಭಾನುವಾರ ಮೈಸೂರಿಗೆ ಹೋದೆ, ಅಕ್ಕನ ಮಗಳಿಗೆ ಅವರೆಕಾಯಿ, ಬೆಲ್ಲ ಕೊಡುವ ನೆಪ. ಸಂಜೆ ಏಳಕ್ಕೆ ಅರಮನೆ ದೀಪ ಹತ್ತುವುದನ್ನು ನೋಡೋಣ ಅಂತ ನಿಂತೆವು. ಎಷ್ಟು ಸಲ ನೋಡಿದರೂ ಆ ಒಂದು ಕ್ಷಣ ಎಲ್ಲರ ಬಾಯಿಂದ "ಹೋ" ಬರುತ್ತದೆ. ನಾನು ನನ್ನ ಗೋಳು ಹೇಳಿಕೊಂಡೆ.

"ಮಾವ, ಇಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬ್ ಇವೆ ಅಂತಾರೆ. ಅದರಲ್ಲಿ ಅರವತ್ತು ಬಲ್ಬ್ ಆರಿದರೆ ನಿಮಗೆ ಗೊತ್ತಾಗುತ್ತಾ?"

"ಎಲ್ಲಿ ಗೊತ್ತಾಗುತ್ತೆ?"

"ನೀವು ಹುಡುಕುತ್ತಿರೋ ಗ್ರಹ ಅಷ್ಟನ್ನೇ ಆರಿಸೋದು. ಇದಿಷ್ಟು ಹೇಳ್ತೀನಿ, ಇನ್ನು ಕೇಳಬೇಡಿ."

ಬಸ್ಸಿನಲ್ಲಿ ವಾಪಸ್ ಬರುವಾಗ ಹಾಲಿನ ಲೆಕ್ಕಕ್ಕೆ ತಂದುಕೊಂಡೆ. ನೂರು ಲೀಟರಿಗೆ ಅರವತ್ತು ಎಂಎಲ್ ಕಮ್ಮಿ. ಕ್ಯಾನಿನ ಮುಚ್ಚಳಕ್ಕೆ ಅಂಟಿಕೊಂಡು ಹೋಗುವ ಹಾಲೇ ಅದಕ್ಕಿಂತ ಜಾಸ್ತಿ! ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಸಣ್ಣ ವ್ಯತ್ಯಾಸಕ್ಕೆ ನಾನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಅದೂ ಅಲ್ಲದೆ ಒಂದೊಂದು ಚುಕ್ಕೆಯ ಅಲುಗಾಟವೇ ಆ ತಗ್ಗಿನ ಆಳಕ್ಕಿಂತ ಜಾಸ್ತಿ ಇತ್ತು. ಒಂದು ಚುಕ್ಕೆ ನಂಬಿ ಏನೂ ಹೇಳುವ ಹಾಗಿಲ್ಲ. ಒಟ್ಟಿಗೆ ಸೇರಿಸಿ ಸರಾಸರಿ ತೆಗೆದರೆ ಮಾತ್ರ.

ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಇನ್ನೊಂದು ತಲೆಗೆ ಬಂತು. ನನ್ನ ಇಸ್ತ್ರಿ ಪೆಟ್ಟಿಗೆ ಎಷ್ಟು ಅಗಲ?

ಮನೆಗೆ ಬಂದು ನೋಡಿದೆ. ಫ್ಲ್ಯಾಟನ್‌ಗೆ ನಾವು ಏನೂ ಹೇಳದಿದ್ದರೆ ಅದು 101 ಚುಕ್ಕೆ ಅಗಲ ತೆಗೆದುಕೊಳ್ಳುತ್ತದೆ. ಎರಡು ನಿಮಿಷದ ಚುಕ್ಕೆ ಲೆಕ್ಕದಲ್ಲಿ ಮೂರು ಗಂಟೆ ಚಿಲ್ಲರೆ. ಗ್ರಹ ಅಡ್ಡ ಬರುವುದೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಅಂದರೆ ಸುಕ್ಕು ತೆಗೆಯುತ್ತೇನೆ ಅಂದುಕೊಂಡು ನಾನು ಬಟ್ಟೆಯ ಮಡಿಕೆಯನ್ನೇ ಅಳಿಸಿಬಿಟ್ಟಿದ್ದೆ! ಎರಡು ವಾರ ಹುಡುಕಿದ್ದನ್ನು ಹುಡುಕುವ ಮೊದಲೇ ನಾನೇ ಒರೆಸಿಹಾಕಿದ್ದೆ. ಅಗಲವನ್ನು 1001ಕ್ಕೆ ಏರಿಸಿದೆ, ಸುಮಾರು ಒಂದೂಕಾಲು ದಿನಕ್ಕಿಂತ ಸ್ವಲ್ಪ ಜಾಸ್ತಿ. ಅರ್ಧರ್ಧ ಗಂಟೆಯ ಸರಾಸರಿ ತೆಗೆದೆ.

ಅಲ್ಲಿತ್ತು. ಹಗ್ಗದ ಕೆಳಗೆ ಒಂದು ಹಲ್ಲು.

ಆಮೇಲೆ ಎಲ್ಲ 11 ತಿಂಗಳ ಪಟ್ಟಿಗಳನ್ನು ಒಂದಕ್ಕೊಂದು ಹೊಲಿದೆ. ಹೊಲಿಯುವ ಮೊದಲು ಒಂದೊಂದನ್ನೂ ಅದರ ಸರಾಸರಿಯಿಂದ ಭಾಗಿಸಬೇಕು, ಯಾಕೆಂದರೆ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಲೆಕ್ಕ ಬೇರೆ. ಇದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ, ಡೇರಿಯಲ್ಲಿ ತಕ್ಕಡಿ ಬದಲಾದ ತಿಂಗಳು ಪಟ್ಟ ಪಾಡು ನೆನಪಿತ್ತು. ನಂತರ ಬಿಎಲ್ಎಸ್ ಅನ್ನುವ ಹುಡುಕಾಟ. ಅದು ಮಾಡುವುದು ನಾನು ಕೆಂಪು ಪೆನ್ನಿನಲ್ಲಿ ಮಾಡಿದ್ದನ್ನೇ. ಐದು ದಿನಕ್ಕೊಮ್ಮೆ ತಗ್ಗು ಇದೆಯಾ, ಐದು ದಿನ ಹತ್ತು ನಿಮಿಷಕ್ಕೊಮ್ಮೆ ಇದೆಯಾ, ಹೀಗೆ ಬೇಸರವಿಲ್ಲದೆ ಸಾವಿರಾರು ಸಲ ಕೇಳುತ್ತದೆ. ಮೊದಲ ಸಲ ಕೊಲ್ಯಾಬ್ ಕುಸಿದುಬಿತ್ತು, ಮೆಮೊರಿ ತುಂಬಿತಂತೆ. ಎರಡನೇ ಸಲ ಕರೆಂಟ್ ಹೋಯಿತು. ಮೂರನೇ ಸಲಕ್ಕೆ ಒಂದು ಕಡೆ ಗೋಪುರದ ಹಾಗೆ ಎದ್ದು ನಿಂತಿತು. 16.05 ದಿನ. ಆಳ ಸುಮಾರು ಶೇಕಡಾ 0.3, ಅಂದರೆ ಅರಮನೆಯ ಮುನ್ನೂರು ಬಲ್ಬು. ದೊಡ್ಡ ಗ್ರಹ, ನಾನು ಹುಡುಕುತ್ತಿದ್ದ ಅರವತ್ತು ಬಲ್ಬಿನದ್ದಲ್ಲ.

ಈಗ ಗೊತ್ತಿರುವ ಹಸುವನ್ನು ಪುಸ್ತಕದಿಂದ ತೆಗೆಯಬೇಕು. 16.05 ದಿನಕ್ಕೊಮ್ಮೆ ಬರುವ ಆ ತಗ್ಗುಗಳ ಚುಕ್ಕೆಗಳನ್ನೆಲ್ಲ ಮುಚ್ಚಿ, ಉಳಿದದ್ದರಲ್ಲಿ ಮತ್ತೆ ಹುಡುಕಿದೆ. ಬಂತು! 13.7 ದಿನ.

ಇಲ್ಲಿ ನಾನು ಮಾಡಿದ ದಡ್ಡತನ ಹೇಳಿಕೊಳ್ಳಲು ಈಗಲೂ ನಾಚಿಕೆ. ಬೆಳಿಗ್ಗೆ ಟೀ ಅಂಗಡಿಯಲ್ಲಿ ಹೇಳಿಬಿಟ್ಟೆ. "ಒಂದು ಗ್ರಹ ಸಿಕ್ತು ಕಣ್ರಪ್ಪ, ಹದಿಮೂರು ಮುಕ್ಕಾಲು ದಿನಕ್ಕೆ ಒಂದು ವರ್ಷ." ಒಬ್ಬ ಕೇಳಿದ, "ಅಲ್ಲಿ ಬಟವಾಡೆ ಯಾವಾಗ ಮಾಡ್ತರೆ ಸೆಕ್ರೆಟ್ರಿ?" ಇನ್ನೊಬ್ಬ, "ಸೈಟ್ ರೇಟ್ ಏನೈತೆ ಕೇಳ್ಲಾ." ಸಂಜೆಯೊಳಗೆ ಊರಿಗೆಲ್ಲ ಹಬ್ಬಿತು. ರಾತ್ರಿ ಅಕ್ಕನ ಮಗಳಿಗೆ ಫೋನ್ ಮಾಡಿದರೆ ಅವಳು ಒಂದು ನಿಮಿಷ ಮಾತೇ ಆಡಲಿಲ್ಲ. ನಗು ತಡೆದುಕೊಳ್ಳುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು.

"ಮಾವ, ಟೆಸ್ ಭೂಮಿಯನ್ನು ಒಂದು ಸುತ್ತು ಸುತ್ತೋಕೆ ಎಷ್ಟು ದಿನ ಅಂತ ನೋಡಿ."

ನೋಡಿದೆ. 13.7 ದಿನ.

ಉಪಗ್ರಹ ಒಂದೊಂದು ಸುತ್ತಿನಲ್ಲೂ ಭೂಮಿಗೆ ಹತ್ತಿರ ಬಂದಾಗ ಭೂಮಿಯದ್ದೋ ಚಂದ್ರನದ್ದೋ ಬೆಳಕು ಕ್ಯಾಮೆರಾದೊಳಗೆ ಸೋರುತ್ತದೆ. ಆ ಜಾಗದಲ್ಲಿ ಲೆಕ್ಕ ಕೆಡುತ್ತದೆ, ಅದೂ ಸರಿಯಾಗಿ ಅಷ್ಟಷ್ಟು ದಿನಕ್ಕೇ. ನಾನು ಕಂಡುಹಿಡಿದಿದ್ದು ಗ್ರಹವನ್ನಲ್ಲ, ನಮ್ಮದೇ ಉಪಗ್ರಹವನ್ನು. ಹಸುವಿನ ಬೆದೆ ಅಂತ ಬರೆದುಕೊಂಡಿದ್ದು ತಕ್ಕಡಿಯ ದೋಷ. ಒಂದು ವಾರ ಟೀ ಅಂಗಡಿ ಕಡೆ ತಲೆ ಹಾಕಲಿಲ್ಲ.

ಪಟ್ಟಿಗಳ ತುದಿಯನ್ನೂ, ಖಾಲಿ ಜಾಗದ ಎರಡೂ ಬದಿಯನ್ನೂ ಕತ್ತರಿಸಿಹಾಕಿದೆ. ಹಾಳೆ ತುದಿ ಇಲಿ ತಿಂದಿದ್ದರೆ ಕತ್ತರಿಸಿ ರಟ್ಟು ಹಾಕುವುದಿಲ್ಲವೇ, ಹಾಗೆ. ಮತ್ತೆ ಓಡಿಸಿದೆ. ಈ ಸಲ ಎರಡು ಗೋಪುರ ಕಂಡವು. ಒಂದು 9.98 ದಿನದ ಹತ್ತಿರ, ಚಿಕ್ಕದು. ಇನ್ನೊಂದು 37.4.

ಈ 37.4 ನೋಡಿದ ಮೇಲೆ ಮೊದಲ ತಿಂಗಳ ಪಾಡು ಅರ್ಥವಾಯಿತು. 27 ದಿನದ ಒಂದು ಪಟ್ಟಿಯಲ್ಲಿ 37 ದಿನದ ಗ್ರಹ ಹೆಚ್ಚೆಂದರೆ ಒಂದು ಸಲ ಬರುತ್ತದೆ, ಕೆಲವು ಪಟ್ಟಿಯಲ್ಲಿ ಬರುವುದೇ ಇಲ್ಲ. ಬಂದಾಗಲೂ ಡೇಟಾ ಕಳಿಸುವ ಖಾಲಿ ಹೊತ್ತಿನಲ್ಲಿ ಬಂದರೆ ಹೋಯಿತು. ವರ್ಷದ ಲೆಕ್ಕದಲ್ಲಿ ಏಳೆಂಟು ಸಲ ಸಿಕ್ಕಿತ್ತು ಅಷ್ಟೇ. ಆ ಏಳೆಂಟನ್ನೂ 37.4 ದಿನಕ್ಕೊಂದರಂತೆ ಮಡಚಿ ಒಂದರ ಮೇಲೊಂದು ಇಡಬೇಕು, ಹಾಳೆಗಳನ್ನು ಜೋಡಿಸಿ ಬೆಳಕಿಗೆ ಹಿಡಿದ ಹಾಗೆ. ಇಟ್ಟೆ. ಒಂದೊಂದೇ ನೋಡಿದಾಗ ಏನೂ ಅಲ್ಲದ್ದು, ಒಟ್ಟಿಗೆ ಇಟ್ಟಾಗ ಒಂದು ಪುಟ್ಟ ಬಾಣಲೆಯ ಆಕಾರಕ್ಕೆ ಬಂತು. ಇಳಿಯಿತು, ಸುಮಾರು ಮೂರು ಗಂಟೆ ಕೆಳಗೇ ನಿಂತಿತು, ಮೇಲಕ್ಕೆ ಬಂತು. ಆಳ ಶೇಕಡಾ 0.06.

ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ. ಕೆಳಗೆ ಯಾರದೋ ಎಮ್ಮೆ ಕೂಗುತ್ತಿತ್ತು. ಸೊಳ್ಳೆಬತ್ತಿ ಆರಿಹೋಗಿತ್ತು.

ಮಾದಪ್ಪನ ಫೋಟೋ ಹಿಂದಿನ ಚೀಟಿ ಬೆಳಿಗ್ಗೆ ಸ್ನಾನ ಮಾಡಿಯೇ ತೆಗೆದೆ. ಅದರಲ್ಲಿ ನಾಲ್ಕು ಗ್ರಹದ ಹೆಸರು, ಪಕ್ಕದಲ್ಲಿ ಅವು ಸುತ್ತುವ ದಿನ ಇದ್ದವು. ಬಿ 9.98, ಸಿ 16.05, ಡಿ 37.42, ಇ 27.8. ನನ್ನ ಹತ್ತಿರ ಮೂರು ಇತ್ತು. ಇ ಅನ್ನುವುದು ಭೂಮಿಗಿಂತ ಒಂದು ಚೂರು ಚಿಕ್ಕದು, ಭೂಮಿಯ ಶೇಕಡಾ 95ರಷ್ಟು. ಅವರಿಗೂ ಮೊದಲ ವರ್ಷದ ಲೆಕ್ಕ ಸಾಲದೆ ಆಮೇಲೆ ಟೆಸ್ ಮತ್ತೆ ನೋಡಿದ್ದನ್ನೂ ಸೇರಿಸಿ 2023ರ ಜನವರಿಯಲ್ಲಿ ಹೇಳಿದ್ದು. ನಾನೂ ಇನ್ನಷ್ಟು ಇಳಿಸಿಕೊಂಡು ಆಮೇಲೆ ಎರಡು ಸಲ ಪ್ರಯತ್ನಪಟ್ಟೆ. ಸಿಗಲಿಲ್ಲ. 27.8ರ ಹತ್ತಿರ ಏನೋ ಗುಡ್ಡ ಕಾಣುತ್ತದೆ, ಆದರೆ 13.7ರ ಪೆಟ್ಟು ತಿಂದವನು ಅದನ್ನು ಗ್ರಹ ಅನ್ನಲು ಧೈರ್ಯ ಮಾಡುವುದಿಲ್ಲ.

ಗ್ರಹದ ಗಾತ್ರ ಎಷ್ಟು ಅನ್ನುವುದರಲ್ಲೂ ಒಂದು ಮಜಾ ಇದೆ. ತಗ್ಗಿನ ಆಳದಿಂದ ಗೊತ್ತಾಗುವುದು ಗ್ರಹ ನಕ್ಷತ್ರದ ಎಷ್ಟನೇ ಒಂದು ಭಾಗ ಅನ್ನುವುದು ಮಾತ್ರ. ನಕ್ಷತ್ರದ ಗಾತ್ರವನ್ನೇ ತಪ್ಪು ತಿಳಿದಿದ್ದರೆ ಎಲ್ಲ ತಪ್ಪು. ಟಿಒಐ-700 ವಿಷಯದಲ್ಲಿ ಹೀಗೇ ಆಗಿತ್ತು. ಮೊದಲು ಪಟ್ಟಿಯಲ್ಲಿ ಅದನ್ನು ಹೆಚ್ಚುಕಮ್ಮಿ ನಮ್ಮ ಸೂರ್ಯನಂಥದ್ದು ಅಂತ ಬರೆದಿದ್ದರು. ಅದರಿಂದ ಗ್ರಹಗಳೂ ದೊಡ್ಡವಾಗಿ, ಬಿಸಿಯಾಗಿ ಕಂಡವು, ವಾಸಕ್ಕೆ ಬಾರದವು ಅಂತ ಪಕ್ಕಕ್ಕೆ ಹೋಗುವುದರಲ್ಲಿದ್ದವು. ತಪ್ಪನ್ನು ಹಿಡಿದವರಲ್ಲಿ ಒಬ್ಬ ಆಲ್ಟನ್ ಸ್ಪೆನ್ಸರ್, ಆಗ ಇನ್ನೂ ಹೈಸ್ಕೂಲ್ ಹುಡುಗ, ಟೆಸ್ ತಂಡದವರ ಜೊತೆ ಕೆಲಸ ಮಾಡುತ್ತಿದ್ದ. ನಿಜವಾಗಿ ಆ ನಕ್ಷತ್ರ ಸೂರ್ಯನ ಶೇಕಡಾ 40ರಷ್ಟೇ ದಪ್ಪ. ಅಳತೆ ಸರಿಮಾಡಿದ ಕೂಡಲೇ ಡಿ ಭೂಮಿಗಿಂತ ಒಂದಿಷ್ಟೇ ದೊಡ್ಡ ಗ್ರಹವಾಗಿ, ಸರಿಯಾದ ಜಾಗಕ್ಕೆ ಬಂದು ಕೂತಿತು. ಹಾಲು ಸರಿ ಇತ್ತು, ಲೀಟರ್ ಪಾತ್ರೆಯೇ ತಪ್ಪಿತ್ತು ಅನ್ನಿ. ಆ ಹುಡುಗನ ಮೇಲೆ ನನಗೆ ಬಹಳ ಗೌರವ.

ಇನ್ನು "ವಾಸಯೋಗ್ಯ" ಅನ್ನುವ ಮಾತು. ಇದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕೇಳಿದವರಿಗೆ ಮನೆ ಬಾಗಿಲು ತೆರೆದಿಟ್ಟ ಹಾಗೆ ಅನ್ನಿಸುತ್ತದೆ. ಅದರ ಅರ್ಥ ಇಷ್ಟೇ, ಗ್ರಹ ತನ್ನ ನಕ್ಷತ್ರದಿಂದ ಇರುವ ದೂರದಲ್ಲಿ, ಮೇಲೆ ಸರಿಯಾದ ಗಾಳಿಯ ಹೊದಿಕೆ ಇದ್ದರೆ, ನೀರು ಕುದಿಯದೆ, ಹೆಪ್ಪುಗಟ್ಟದೆ ಇರಬಹುದು. ನಮ್ಮ ಕಡೆ ಬೋರ್‌ವೆಲ್‌ಗೆ ಪಾಯಿಂಟ್ ಮಾಡಿಸುತ್ತೇವಲ್ಲ, ತೆಂಗಿನಕಾಯಿ ಎದ್ದು ನಿಂತ ಜಾಗಕ್ಕೆ ಕಲ್ಲಿಡುತ್ತೇವೆ. ಪಾಯಿಂಟ್ ಸಿಕ್ಕಿತು ಅಂದರೆ ನೀರು ಸಿಕ್ಕಿತು ಅಂತಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ಹೊಲದವರು ಮೂರು ಪಾಯಿಂಟ್ ಕೊರೆಸಿದರು, ಮೂರರಲ್ಲೂ ಬರೀ ಧೂಳು.

ಗೊತ್ತಿರುವುದು ಇದು. ಭೂಮಿಗೆ ಸೂರ್ಯನಿಂದ ಸಿಗುವ ಶಾಖದ ಶೇಕಡಾ 86ರಷ್ಟು ಡಿಗೆ ಸಿಗುತ್ತದೆ. ಭೂಮಿಗೂ ಸೂರ್ಯನಿಗೂ ಇರುವ ದೂರದ ಆರನೇ ಒಂದು ಭಾಗದಲ್ಲಿ ಅದು ಸುತ್ತುತ್ತಿದೆ, ನಮ್ಮ ಬುಧ ಗ್ರಹಕ್ಕಿಂತಲೂ ಹತ್ತಿರ. ನಕ್ಷತ್ರ ಮಂಕಾಗಿರುವುದರಿಂದ ಅಷ್ಟು ಹತ್ತಿರವಿದ್ದೂ ಸುಡುವುದಿಲ್ಲ. ಅಷ್ಟು ಹತ್ತಿರ ಇರುವ ಗ್ರಹ ಬಹುಶಃ ಒಂದೇ ಮುಖವನ್ನು ನಕ್ಷತ್ರದ ಕಡೆ ತಿರುಗಿಸಿಕೊಂಡಿರುತ್ತದೆ, ಚಂದ್ರ ನಮಗೆ ಒಂದೇ ಮುಖ ತೋರಿಸುವ ಹಾಗೆ. ಅಲ್ಲಿ ಒಂದು ಕಡೆ ಯಾವಾಗಲೂ ಹಗಲು, ಇನ್ನೊಂದು ಕಡೆ ಯಾವಾಗಲೂ ರಾತ್ರಿ. 37 ದಿನಕ್ಕೊಂದು ಯುಗಾದಿ, ಆದರೆ ಬೆಳಗಾಗುವುದೇ ಇಲ್ಲ! ಕೆಂಪು ಕುಬ್ಜಗಳು ಆಗಾಗ ಭುಗಿಲ್ ಅಂತ ಜ್ವಾಲೆ ಕಾರುತ್ತವೆ, ಇದು ಮಾತ್ರ ಆ ಹನ್ನೊಂದು ತಿಂಗಳಲ್ಲಿ ಒಂದು ಸಲವೂ ಹಾಗೆ ಮಾಡಲಿಲ್ಲ. ಪಾಯಿಂಟ್ ಒಳ್ಳೆಯದೇ. ಗಾಳಿ ಇದೆಯಾ, ನೀರು ಇದೆಯಾ ಅನ್ನುವುದು ನಾನು ನೋಡಿದ ಪುಸ್ತಕದಲ್ಲಿ ಬರೆದಿಲ್ಲ. ಹೋಗಿ ನೋಡೋಣ ಅಂದರೆ, ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿರುವ ವಾಯೇಜರ್-1 ಅನ್ನುವ ಬಾಹ್ಯಾಕಾಶ ನೌಕೆಯ ವೇಗದಲ್ಲಿ ಹದಿನೇಳು ಲಕ್ಷ ವರ್ಷಕ್ಕೂ ಜಾಸ್ತಿ ಬೇಕು.

ಇಷ್ಟೆಲ್ಲ ಆಗುವ ಹೊತ್ತಿಗೆ ಶಿವರಾತ್ರಿ ಬಂತು. ಜಾಗರಣೆ, ಹೇಗೂ ನಿದ್ದೆ ಇಲ್ಲ. ಅಮಾವಾಸ್ಯೆ ಹಿಂದಿನ ರಾತ್ರಿ, ಚಂದ್ರನೂ ಇಲ್ಲ. ಅಕ್ಕನ ಮಗಳು ಬಂದಿದ್ದಳು. ಆ ನಕ್ಷತ್ರ ಆಕಾಶದಲ್ಲಿ ಎಲ್ಲಿದೆ ತೋರಿಸು ಅಂದೆ. ನಾಲ್ಕು ತಿಂಗಳು ಲೆಕ್ಕ ನೋಡಿದವನು ಹಸುವಿನ ಕೊಟ್ಟಿಗೆಯನ್ನಾದರೂ ನೋಡಬೇಡವೇ?

ತಾರಸಿ ಹತ್ತಿದೆವು. ಅವ್ವನೂ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದಳು. ಎಂಬತ್ತರ ಮೇಲೆ ವಯಸ್ಸು, ಆದರೂ ಶಿವರಾತ್ರಿ ರಾತ್ರಿ ಕಣ್ಣು ಮುಚ್ಚುವವಳಲ್ಲ. ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರ ಹೊಳೆಯುತ್ತಿತ್ತು. ರಾತ್ರಿ ಆಕಾಶದಲ್ಲಿ ಅದಕ್ಕಿಂತ ಹೊಳೆಯುವ ನಕ್ಷತ್ರ ಒಂದೇ ಒಂದು.

"ಅಗಸ್ತ್ಯನಿಂದ ನೇರ ಕೆಳಗೆ ಬನ್ನಿ ಮಾವ. ಭೂಮಿ ಮುಟ್ಟೋದಕ್ಕೆ ಅರ್ಧ ದಾರಿ. ಅಲ್ಲೇ."

ಅಲ್ಲಿ ಏನೂ ಇರಲಿಲ್ಲ. ಬರಿಗಣ್ಣಿಗೆ ಕಾಣುವ ತೀರಾ ಮಂಕು ನಕ್ಷತ್ರಕ್ಕಿಂತ ಅದು ಆರೇಳು ನೂರು ಪಟ್ಟು ಮಂಕು. ಸಾಲದ್ದಕ್ಕೆ ನಮ್ಮೂರಿಗೆ ಮೈಸೂರು ಸರಿಯಾಗಿ ದಕ್ಷಿಣಕ್ಕೆ ಬೀಳುತ್ತದೆ. ಆ ಊರಿನ ದೀಪದ ಹೊಳಪು, ಅದರ ಮುಂದೆ ಯಾರೋ ಕಬ್ಬಿನ ತರಗು ಸುಟ್ಟ ಹೊಗೆ. ಅಗಸ್ತ್ಯ ಇದಕ್ಕಿಂತ ಮೂರು ಪಟ್ಟು ದೂರದಲ್ಲಿದ್ದೂ ಹಾಗೆ ಹೊಳೆಯುತ್ತಾನೆ, ಇದು ಹತ್ತಿರವಿದ್ದೂ ಕಾಣುವುದಿಲ್ಲ. ಆದರೂ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದೆ.

"ಏನ್ ಮಗ ಅದು, ಅಂಗೆ ನೋಡ್ತಿದೀಯೆ?" ಅವ್ವ ಕೇಳಿದಳು.

ಹೇಳಿದೆ. ಅಲ್ಲೊಬ್ಬ ಸಣ್ಣ ಸೂರ್ಯ, ಅವನ ಸುತ್ತ ನಮ್ಮ ಭೂಮಿಯಂಥದ್ದೊಂದು.

"ಅಲ್ಲಿ ಜನ ಅವ್ರಾ?"

"ಗೊತ್ತಿಲ್ಲ ಕಣವ್ವ."

"ಇದ್ರೆ, ಅವ್ರಿಗೆ ನಮ್ಮ ಸೂರ್ಯ ಕಾಣ್ತದಾ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಕ್ಕನ ಮಗಳು ಫೋನಿನಲ್ಲಿ ಲೆಕ್ಕ ಹಾಕಿದಳು. ಅಷ್ಟು ದೂರದಿಂದ ನಮ್ಮ ಸೂರ್ಯ ಬರಿಗಣ್ಣಿಗೆ ಕಾಣುವುದಿಲ್ಲ, ಬೈನಾಕ್ಯುಲರ್ ಬೇಕು. ಇನ್ನೂ ಒಂದು ಹೇಳಿದಳು. ಆ ನಕ್ಷತ್ರ ಇರುವುದು ನಮ್ಮ ಭೂಮಿ ಸುತ್ತುವ ದಾರಿಗೆ ಹೆಚ್ಚುಕಮ್ಮಿ ನೇರ ಕೆಳಗೆ. ಅಲ್ಲಿಂದ ನೋಡಿದರೆ ಭೂಮಿ ಸೂರ್ಯನ ಸುತ್ತ ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ, ಸೂರ್ಯನಿಗೆ ಅಡ್ಡ ಮಾತ್ರ ಯಾವತ್ತೂ ಬರುವುದಿಲ್ಲ. ನಾನು ಅವರನ್ನು ಹುಡುಕಿದ ಹಾಗೆ ಅವರು ನಮ್ಮನ್ನು ಹುಡುಕಿದರೆ, ಎಷ್ಟು ವರ್ಷದ ಪುಸ್ತಕ ತೆಗೆದರೂ ಒಂದು ತಗ್ಗೂ ಸಿಗುವುದಿಲ್ಲ.

ಅವ್ವನಿಗೆ ಅದನ್ನು ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಂಗಾರೆ ನಾವಿರೋದು ಅವ್ರಿಗೆ ಗೊತ್ತೇ ಆಗಾಕಿಲ್ಲ ಅನ್ನು."

"ಹಿಂಗೆ ಹುಡುಕಿದ್ರೆ ಇಲ್ಲ ಕಣವ್ವ."

"ಹೋಗ್ಲಿ ಬುಡು" ಅಂತ ಸೆರಗು ಹೊದ್ದುಕೊಂಡು ಮೆಟ್ಟಿಲ ಕಡೆ ತಿರುಗಿದಳು. "ವಸಿ ಕೈ ಕೊಡು, ಕೆಳಕ್ಕೆ ಇಳೀತೀನಿ. ಅಭಿಷೇಕಕ್ಕೆ ಹಾಲು ಎತ್ತಿಟ್ಟಿದ್ದೆ, ಬೆಕ್ಕು ಕುಡುದ್ಬುಟ್ಟದು."